ಜೊತೆಗಾರನಿಗೆ ಜುಲ್ಮಾನೆ: ಹಾಕುವವರು ಯಾರು, ಹಾಕುವುದು ಹೇಗೆ?

(ತಾಯಲೂರಿನಲ್ಲಿ ಸೇರಿದ್ದ ಕಾರ್ಖಾನೆ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಸ್ತಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನೀವು ನಮ್ಮನ್ನು ಕರೆದಿದ್ದೀರಿ. ಶಿಸ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಲಸಗಾರನ ಮುಖ ಸಪ್ಪಗಾಗುತ್ತದೆ. ಅದು ಸಹಜವೇ. ಗೇಟಿಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಿಡಿಯುವುದು, ಮೇಸ್ತ್ರಿಗೆ ಎದುರು ಮಾತಾಡಿದರೆ ಮನೆಗೆ ಕಳುಹಿಸುವುದು, ಇವಕ್ಕೇ ಶಿಸ್ತೆಂದು ಹೆಸರಿಟ್ಟು ಧಣಿಗಳು ಆ ಒಳ್ಳೆಯ ಮಾತನ್ನು ಕೆಡಿಸಿಬಿಟ್ಟಿದ್ದಾರೆ. 1930ರ ಏಪ್ರಿಲಿನಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಬೆರಳಚ್ಚು ಕೊಡಲೊಪ್ಪದೆ ಕೆಲಸ ನಿಲ್ಲಿಸಿದರು. ಪಾತಾಳಕ್ಕಿಳಿದು ಬಂಡೆ ಒಡೆಯುವವನಿಗೆ ಶಿಸ್ತು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ತನ್ನನ್ನು ಕಳ್ಳನಂತೆ ಎಣಿಸುವ ಶಿಸ್ತು ಬೇಡವೆಂದ, ಅಷ್ಟೆ.

ಆದುದರಿಂದ ಇಂದು ಧಣಿಯ ಶಿಸ್ತನ್ನು ಬದಿಗಿಟ್ಟು, ಜೊತೆಗಾರರೇ ಜೊತೆಗಾರನ ಮೇಲೆ ಇಡುವ ಶಿಸ್ತನ್ನು ಕುರಿತು ಮಾತನಾಡೋಣ. ಉದಾಹರಣೆಗೆ ಆಟದ ಬಯಲನ್ನು ಆರಿಸಿಕೊಂಡಿದ್ದೇವೆ. ಪಕ್ಷದ ಸಭೆಯಲ್ಲಿ ಕ್ರಿಕೆಟ್ಟಿನ ಮಾತೇಕೆ ಎಂದು ಯಾರೂ ಹುಬ್ಬು ಗಂಟಿಕ್ಕಬಾರದು. ಹನ್ನೊಂದು ಜನ ಒಂದೇ ಗುರಿಗಾಗಿ ಮೈ ಬಗ್ಗಿಸುವ ಕಡೆ ಒಬ್ಬ ಸಡಿಲಬಿಟ್ಟರೆ ಏನಾಗುತ್ತದೆಂಬುದು ಅಲ್ಲಿ ಎಲ್ಲರ ಕಣ್ಣಿಗೆ ಕಾಣುತ್ತದೆ. ಮೇಲಾಗಿ ಅವರಿಗೂ ಆಟವೇ ಕಸುಬು. 2008ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಐಪಿಎಲ್ಲಿನ ಮೊದಲ ಹರಾಜು ನಡೆದಾಗ, ಸಂತೆಯಲ್ಲಿ ಎತ್ತಿನ ಬೆಲೆ ಕೂಗುವಂತೆ ಆಟಗಾರರ ಬೆಲೆಯನ್ನು ಕೂಗಿದರು. ಬೆಲೆ ಕೋಟಿಗಟ್ಟಲೆ ಬಂದಿರಬಹುದು. ಆದರೆ ಕೊಳ್ಳುವವನು ಬೇರೆ, ದುಡಿಯುವವನು ಬೇರೆ ಎಂಬುದು ಅಲ್ಲಿಯೂ ತಪ್ಪಲಿಲ್ಲ. 2019ರಲ್ಲಿ ಕ್ರಿಕೆಟ್ ಮಂಡಳಿಯು ಒಪ್ಪಿಕೊಂಡ ಆಟಗಾರರ ಸಂಘ ಕೂಡ ನಿವೃತ್ತರಾದವರದೇ ಹೊರತು, ಮೈದಾನದಲ್ಲಿ ಬೆವರು ಸುರಿಸುತ್ತಿರುವವರದಲ್ಲ.

ಈಗ ವಿಷಯಕ್ಕೆ ಬರೋಣ. 2008ರಲ್ಲಿ ಭಾರತದ ತಂಡಕ್ಕೆ ಇಬ್ಬರು ನಾಯಕರಿದ್ದರು. ಐದು ದಿನದ ಟೆಸ್ಟ್ ಪಂದ್ಯಗಳಿಗೆ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರು, ಒಂದು ದಿನದ ಪಂದ್ಯಗಳಿಗೆ ರಾಂಚಿಯ ಮಹೇಂದ್ರ ಸಿಂಗ್ ಧೋನಿಯವರು. ಆಗ ತಂಡದ ಮನೋಬಲದ ಕೆಲಸ ನೋಡಿಕೊಳ್ಳಲು ಬಂದಿದ್ದವರು ದಕ್ಷಿಣ ಆಫ್ರಿಕದ ಪ್ಯಾಡಿ ಅಪ್ಟನ್. ಆ ಕಾಲದ ಒಂದು ಸಂಗತಿಯನ್ನು ಅವರು 2019ರಲ್ಲಿ ಹೇಳಿದರು. ಅಭ್ಯಾಸಕ್ಕೂ ಸಭೆಗೂ ಹೊತ್ತಿಗೆ ಸರಿಯಾಗಿ ಬರುವುದು ಮುಖ್ಯವೆ ಎಂದು ಆಟಗಾರರನ್ನೇ ಕೇಳಿದರಂತೆ. ಎಲ್ಲರೂ ಹೌದೆಂದರು. ಹಾಗಾದರೆ ತಡವಾಗಿ ಬಂದವನಿಗೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನೂ ಅವರ ಮುಂದೆಯೇ ಇಟ್ಟರು. ಆಟಗಾರರು ತಮ್ಮೊಳಗೆ ಚರ್ಚಿಸಿ, ಕೊನೆಯ ಮಾತನ್ನು ನಾಯಕರಿಗೆ ಬಿಟ್ಟರು. ತಡವಾಗಿ ಬಂದವನು ಹತ್ತು ಸಾವಿರ ರೂಪಾಯಿ ಜುಲ್ಮಾನೆ ಕಟ್ಟತಕ್ಕದ್ದು ಎಂದರು ಕುಂಬ್ಳೆಯವರು. ಧೋನಿಯವರು ಹತ್ತು ಸಾವಿರಕ್ಕೆ ಒಪ್ಪಿದರು, ಆದರೆ ಒಬ್ಬ ತಡವಾದರೆ ತಂಡದ ಪ್ರತಿಯೊಬ್ಬನೂ ಹತ್ತು ಸಾವಿರ ಕಟ್ಟಬೇಕು ಎಂದರು. ಒಂದು ದಿನದ ತಂಡದಲ್ಲಿ ಆಮೇಲೆ ಯಾರೂ ತಡವಾಗಿ ಬರಲಿಲ್ಲವೆಂದು ಅಪ್ಟನ್ ಹೇಳುತ್ತಾರೆ.

ಈ ಸಂಗತಿಯಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಹತ್ತು ಸಾವಿರವಲ್ಲ. ಮೊದಲು ಕೇಳಿದ ಆ ಪ್ರಶ್ನೆ ದೊಡ್ಡದು. ನಿಮಗೆ ಇದು ಮುಖ್ಯವೆ ಎಂದು ಕೇಳಿದರು. ತಪ್ಪು ನಡೆಯುವುದಕ್ಕೆ ಮೊದಲು ಕೇಳಿದರು. ಕಟ್ಟಬೇಕಾದವರನ್ನೇ ಕೇಳಿದರು. ಗೇಟಿನ ಬಳಿ ಅಂಟಿಸಿದ ನೋಟೀಸಿಗೂ ಸಂಘದ ಸಭೆಯ ಠರಾವಿಗೂ ಇರುವ ವ್ಯತ್ಯಾಸವೆಲ್ಲ ಇದರಲ್ಲಿದೆ.

ಹೀಗೆ ಕೇಳದೆ ಮೇಲಿನಿಂದ ಹೇರಿದ ಶಿಸ್ತು ಏನು ಮಾಡುತ್ತದೆಂಬುದಕ್ಕೂ ಕ್ರಿಕೆಟ್ಟಿನಲ್ಲೇ ಸಾಕ್ಷಿಯುಂಟು. 1936ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಯಾರು? ವಿಜಯನಗರಂನ ಮಹಾರಾಜಕುಮಾರ. ಆಟಕ್ಕಿಂತ ಅರಮನೆಯ ಬಲದಿಂದ ನಾಯಕತ್ವ ಪಡೆದ ವ್ಯಕ್ತಿ. ತಂಡದಲ್ಲಿ ಲಾಲಾ ಅಮರನಾಥರಿದ್ದರು, 1933ರಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಶತಕ ತಂದುಕೊಟ್ಟವರು. ಪಂದ್ಯವೊಂದರಲ್ಲಿ ಕಾಲಿಗೆ ಪ್ಯಾಡು ಕಟ್ಟಿಸಿ ಕೂರಿಸಿ, ಅವರನ್ನು ಬಿಟ್ಟು ಬೇರೆಯವರನ್ನು ಬ್ಯಾಟಿಂಗಿಗೆ ಕಳುಹಿಸುತ್ತ ಹೋದರು. ಅಮರನಾಥರು ಸಿಟ್ಟಿನಿಂದ ಪಂಜಾಬಿಯಲ್ಲಿ ಏನೋ ಗೊಣಗಿದರು. ಅದೇ ಅಪರಾಧವಾಯಿತು. ಒಂದು ಟೆಸ್ಟನ್ನೂ ಆಡಿಸದೆ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಇದು ಶಿಸ್ತಲ್ಲ, ದರ್ಬಾರು. ಅದೇ ಅಮರನಾಥರು 1947ರಲ್ಲಿ ಸ್ವತಂತ್ರ ಭಾರತದ ತಂಡಕ್ಕೆ ನಾಯಕರಾಗಿ ಆಸ್ಟ್ರೇಲಿಯಕ್ಕೆ ಹೋದರೆಂಬುದನ್ನು ಮರೆಯಬಾರದು.

ಅರಸರ ಕಾಲ ಹೋಯಿತು, ಈಗ ಹಾಗಿಲ್ಲ ಎನ್ನುವವರಿಗೆ 2013ರ ಮಾತು ಹೇಳುತ್ತೇವೆ. ಆಸ್ಟ್ರೇಲಿಯದ ತಂಡ ಭಾರತಕ್ಕೆ ಬಂದು ಸೋಲುತ್ತಿತ್ತು. ತಂಡ ಸುಧಾರಿಸಲು ಏನು ಮಾಡಬೇಕೆಂದು ಪ್ರತಿಯೊಬ್ಬನೂ ಮೂರು ಅಂಶ ಕೊಡಬೇಕೆಂದು ತರಬೇತುದಾರ ಮಿಕಿ ಆರ್ಥರ್ ಅಪ್ಪಣೆ ಮಾಡಿದರು. ನಾಲ್ವರು ಕೊಡಲಿಲ್ಲ. ಮನೆಪಾಠ ಬರೆಯದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವಂತೆ ಆ ನಾಲ್ವರನ್ನೂ ಮೊಹಾಲಿಯ ಪಂದ್ಯದಿಂದ ಹೊರಗಿಟ್ಟರು. ಶಾಲೆಯಲ್ಲಿ ಪಾಠ ಹೇಳಿದ ನಮಗೆ ಈ ಮದ್ದಿನ ಗುಣ ಚೆನ್ನಾಗಿ ಗೊತ್ತು. ಬೆಂಚಿನ ಮೇಲೆ ನಿಂತ ಹುಡುಗ ಪಾಠ ಕಲಿಯುವುದಿಲ್ಲ, ಮೇಷ್ಟರನ್ನು ಅಣಕಿಸುವುದನ್ನು ಕಲಿಯುತ್ತಾನೆ. ತಂಡ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು ಊರಿಗೆ ಹೋಯಿತು. ಜೂನ್ ತಿಂಗಳಲ್ಲಿ ತರಬೇತುದಾರನ ಕೆಲಸವೂ ಹೋಯಿತು.

ಇದಕ್ಕೆ ತದ್ವಿರುದ್ಧವಾದ ಒಂದು ನ್ಯಾಯಸ್ಥಾನ ಅಮೆರಿಕದಲ್ಲಿತ್ತು. ಅಲ್ಲಿ ಬೇಸ್‌ಬಾಲ್ ಎಂಬ ಆಟವುಂಟು. 1960ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ತಂಡದಲ್ಲಿ ಫ್ರಾಂಕ್ ರಾಬಿನ್ಸನ್ ಎಂಬ ಕರಿಯ ಜನಾಂಗದ ಹೆಸರಾಂತ ಆಟಗಾರರಿದ್ದರು. ನೆಲ ಒರೆಸುವ ಜೂಲು ಬಟ್ಟೆಯನ್ನು ಜಡ್ಜಿಯ ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ಅವರು ಆಟಗಾರರ ಕೋಣೆಯಲ್ಲಿ ಕೋರ್ಟು ನಡೆಸುತ್ತಿದ್ದರು. ತಪ್ಪು ಓಟ ಓಡಿದವನು, ಗಮನವಿಲ್ಲದೆ ಚೆಂಡು ಬಿಟ್ಟವನು, ಎಲ್ಲರೂ ಆರೋಪಿಗಳೇ. ಜುಲ್ಮಾನೆ ಒಂದು ಡಾಲರು. ಕೋರ್ಟು ಕೂರುತ್ತಿದ್ದುದು ಗೆದ್ದ ದಿನ ಮಾತ್ರ. ಇದರ ವಿವೇಕವನ್ನು ನೋಡಿರಿ. ಸೋತ ದಿನ ಹೊಟ್ಟೆಯಲ್ಲಿ ಕಿಚ್ಚಿರುತ್ತದೆ. ಆ ದಿನ ಕೂತ ಪಂಚಾಯಿತಿ ನ್ಯಾಯ ಹೇಳುವುದಿಲ್ಲ, ಬಲಿ ಹುಡುಕುತ್ತದೆ. ಗೆದ್ದ ದಿನ ಎಲ್ಲರೂ ನಗುತ್ತಿರುವಾಗ ತಪ್ಪನ್ನು ಎತ್ತಿ ತೋರಿಸಿದರೆ ತಪ್ಪು ಮಾಡಿದವನೂ ನಕ್ಕು ಡಾಲರನ್ನು ಎಸೆದು, ಮಾರನೆಯ ದಿನ ತಿದ್ದಿಕೊಂಡು ಆಡುತ್ತಾನೆ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: ಕುಂಬ್ಳೆಯವರ ಕ್ರಮ ಸರಿಯೋ, ಧೋನಿಯವರ ಕ್ರಮ ಸರಿಯೋ? ಇದು ಯೋಚಿಸಬೇಕಾದ ಪ್ರಶ್ನೆ. ತಪ್ಪಿಗೆ ಹತ್ತು ಸಾವಿರವೆಂದು ಬೆಲೆ ಕಟ್ಟಿದರೆ, ಹಣವುಳ್ಳವನು ಬೆಲೆ ಕೊಟ್ಟು ತಪ್ಪನ್ನು ಕೊಂಡುಕೊಳ್ಳಬಹುದು. ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ದೊಡ್ಡ ಮಂಡಿಯವನು ದಂಡ ಕಟ್ಟಿ ಮತ್ತೆ ಅದೇ ತಕ್ಕಡಿ ಹಿಡಿಯುವುದನ್ನು ಸಣ್ಣ ವ್ಯಾಪಾರಿಗಳಾದ ನೀವು ಬಲ್ಲಿರಿ. ಎಲ್ಲರೂ ಕಟ್ಟಬೇಕೆಂದಾಗ ಹಾಗಲ್ಲ. ತಡವಾಗಿ ಬಂದವನು ಜೊತೆಗಾರರ ಮುಖ ನೋಡಬೇಕಾಗುತ್ತದೆ. ಆ ಮುಖಗಳಿಗೆ ಬೆಲೆ ಕಟ್ಟಲಾಗುವುದಿಲ್ಲ. ಆದುದರಿಂದಲೇ ಧೋನಿಯವರ ಕ್ರಮ ಬೇಗ ಫಲಕೊಟ್ಟಿತು.

ಆದರೆ ಇದೇ ಆಯುಧವನ್ನು ಪರಂಗಿಯವರೂ ಹಿಡಿದಿದ್ದರು. 1942ರಲ್ಲಿ ಸಾಮೂಹಿಕ ದಂಡದ ಸುಗ್ರೀವಾಜ್ಞೆ ಹೊರಡಿಸಿ, ಯಾರೋ ತಂತಿ ಕತ್ತರಿಸಿದರೆಂದು ಊರಿಗೆ ಊರೇ ದಂಡ ತೆರುವಂತೆ ಮಾಡಿದರು. ಎರಡಕ್ಕೂ ಏನು ಭೇದ? ಧೋನಿಯವರ ದಂಡದಲ್ಲಿ ದಂಡ ಹಾಕಿದವನೂ ಕಟ್ಟಬೇಕಾಗಿತ್ತು. ಬಿಳಿ ಕಲೆಕ್ಟರನು ಕಟ್ಟಬೇಕಾಗಿರಲಿಲ್ಲ. ಇನ್ನೊಂದು ಭೇದವೂ ಉಂಟು. ಹತ್ತು ಸಾವಿರವೆಂಬುದು ಆ ಆಟಗಾರರೆಲ್ಲರಿಗೂ ಹಗುರವಾದ ಮೊತ್ತ. ನಮ್ಮಲ್ಲಿ ಹಾಗಲ್ಲ. ಮಗುವಿಗೆ ಜ್ವರ ಬಂದು ಸಂಘದ ಸಭೆಗೆ ತಡವಾದ ಹೆಂಗಸೊಬ್ಬಳಿಗಾಗಿ ನೂರು ಜನ ತಲಾ ಐವತ್ತು ರೂಪಾಯಿ ತೆರಬೇಕೆಂದರೆ, ಆ ನೂರು ಜನರ ಸಿಟ್ಟು ಧಣಿಯನ್ನು ಬಿಟ್ಟು ಅವಳ ಮೇಲೆ ತಿರುಗುತ್ತದೆ. ಎಲ್ಲರ ಹೆಗಲೂ ಸಮವಾಗಿರುವ ಕಡೆ ಧೋನಿಯವರ ಕ್ರಮ ಸರಿ. ಹೆಗಲುಗಳು ಸಮವಿಲ್ಲದ ಕಡೆ ಮೊದಲು ಕಾರಣ ಕೇಳಬೇಕು, ಆಮೇಲೆ ತಪ್ಪಿತಸ್ಥನನ್ನು ಮಾತ್ರ ಹಿಡಿಯಬೇಕು. ಇದು ನಮ್ಮ ಅಭಿಪ್ರಾಯ.

ದಂಡ ಹಾಕುವವನು ಎಲ್ಲಿ ನಿಂತು ಹಾಕುತ್ತಾನೆ ಎಂಬುದೂ ಮುಖ್ಯ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗದಲ್ಲಿ ಚೆಂಡು ಬಡಿದು ಕುಂಬ್ಳೆಯವರ ದವಡೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಪಟ್ಟಿ ಸುತ್ತಿಕೊಂಡು ಅವರು ಮತ್ತೆ ಬಯಲಿಗಿಳಿದರು, ಲಾರಾನಂತಹ ಲಾರಾನ ವಿಕೆಟ್ ಕಿತ್ತರು. ಅಂತಹವರು ಹೊತ್ತಿಗೆ ಸರಿಯಾಗಿ ಬಾ ಎಂದರೆ ಎದುರು ಮಾತಾಡುವ ಧೈರ್ಯ ಯಾರಿಗುಂಟು? ಅದೇ ಕುಂಬ್ಳೆಯವರು 2016ರಲ್ಲಿ ಮಂಡಳಿಯು ನೇಮಿಸಿದ ಮುಖ್ಯ ತರಬೇತುದಾರರಾಗಿ ಬಂದರು. ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬಸ್ಸಿಗೆ ತಡವಾದವನಿಗೆ ಐವತ್ತು ಡಾಲರ್ ದಂಡವೆಂದು ಗೊತ್ತುಮಾಡಿದ್ದು ಪತ್ರಿಕೆಗಳಲ್ಲಿ ಬಂತು. ತಂಡ ಗೆಲ್ಲುತ್ತಲೇ ಇತ್ತು. ಆದರೂ 2017ರ ಜೂನ್ 20ರಂದು ಅವರು ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಅಸಮಾಧಾನವಿದೆಯೆಂದು ಮಂಡಳಿಯವರು ತಿಳಿಸಿದರೆಂದು ಅವರೇ ಬರೆದರು. ಐವತ್ತು ಡಾಲರೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ನಾವು ಹೇಳುವುದು ಇಷ್ಟು: ಸಾಲಿನಲ್ಲಿ ನಿಂತವನು ಹೇಳಿದ ಮಾತಿಗೂ ಕುರ್ಚಿಯಲ್ಲಿ ಕೂತವನು ಹೇಳಿದ ಮಾತಿಗೂ, ಮನುಷ್ಯ ಒಬ್ಬನೇ ಆದರೂ, ಕೇಳುವವರ ಕಿವಿ ಬೇರೆಯಾಗುತ್ತದೆ. ಸಂಘದ ಪದಾಧಿಕಾರಿಗಳು, ಮುಖ್ಯವಾಗಿ ಯಂತ್ರದ ಕೆಲಸ ಬಿಟ್ಟು ಆಫೀಸಿನಲ್ಲಿ ಕೂರುವವರು, ಇದನ್ನು ಗಂಟು ಹಾಕಿಟ್ಟುಕೊಳ್ಳಬೇಕು.

ಇಷ್ಟರಿಂದ ಜೊತೆಗಾರರು ಮಾಡಿದ್ದೆಲ್ಲ ನ್ಯಾಯವೆಂದು ತಿಳಿಯಬೇಡಿರಿ. ಗುಂಪಿಗೂ ಮದವೇರುತ್ತದೆ. 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಫುಟ್‌ಬಾಲಿನ ವಿಶ್ವಕಪ್ ನಡೆಯಿತು. ಫ್ರಾನ್ಸಿನ ಆಟಗಾರ ಅನೆಲ್ಕಾ ತರಬೇತುದಾರನನ್ನು ಕೆಟ್ಟ ಮಾತಿನಲ್ಲಿ ಬೈದನೆಂಬ ಸುದ್ದಿ ಪತ್ರಿಕೆಗೆ ಹೋಯಿತು. ಅಧಿಕಾರಿಗಳು ಅವನನ್ನು ಊರಿಗೆ ಕಳುಹಿಸಿದರು. ಮಿಕ್ಕ ಆಟಗಾರರು ಜೂನ್ 20ರಂದು ಅಭ್ಯಾಸ ಮಾಡದೆ ಬಸ್ಸಿನಲ್ಲಿ ಕೂತು ಮುಷ್ಕರ ಹೂಡಿದರು. ಮುಷ್ಕರವೆಂದ ಕೂಡಲೆ ನಮಗೆ ಪ್ರೀತಿ. ಆದರೆ ಅವರ ನಾಯಕ ಹೇಳಿದ್ದೇನು? ಸಮಸ್ಯೆ ಅನೆಲ್ಕಾ ಅಲ್ಲ, ಒಳಗಿನ ಸುದ್ದಿಯನ್ನು ಹೊರಗೆ ಕೊಟ್ಟ ದ್ರೋಹಿ ಎಂದು! ನೀನು ಆಡಿದ ಮಾತು ತಪ್ಪೆಂದು ಜೊತೆಗಾರನಿಗೆ ತಾವೇ ಮೊದಲು ಹೇಳಿದ್ದರೆ ಅಧಿಕಾರಿಗಳ ಕೈಗೆ ಕೋಲು ಹೋಗುತ್ತಿರಲಿಲ್ಲ. ಅದನ್ನು ಬಿಟ್ಟು ದ್ರೋಹಿಯನ್ನು ಹುಡುಕಿದರು. ತಂಡ ತನ್ನ ಗುಂಪಿನ ಕೊನೆಯ ಸ್ಥಾನದಲ್ಲಿ ನಿಂತಿತು. ತನ್ನವನ ತಪ್ಪನ್ನು ತಾನು ಕೇಳದ ಸಂಘ ಕೊನೆಗೆ ಧಣಿಯ ಕೈಗೇ ನ್ಯಾಯವನ್ನು ಒಪ್ಪಿಸುತ್ತದೆ.

ನಮ್ಮ ಸಮಾಜವಾದಿಗಳ ಮನೆಯ ಮಾತನ್ನೂ ಮುಚ್ಚಿಡುವುದು ಬೇಡ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸಮಾಜವಾದಿಗಳ ಸರಕಾರವೇ ಗೋಲಿಬಾರು ನಡೆಸಿದಾಗ, ಆ ಮಂತ್ರಿಮಂಡಲ ರಾಜೀನಾಮೆ ಕೊಡಲೆಂದು ಲೋಹಿಯಾರವರು ಹೇಳಿದರು. ಮುಂದಿನ ವರ್ಷ ಪಕ್ಷವು ಶಿಸ್ತಿನ ಹೆಸರಿನಲ್ಲಿ ಲೋಹಿಯಾರವರನ್ನೇ ಹೊರಗಿಟ್ಟಿತು. ಕೈ ಎತ್ತಿದವರ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ನ್ಯಾಯ ಆ ಕಡೆಗಿರುವುದಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ಒಬ್ಬ ದಲಿತ ಹುಡುಗನ ಕುಟುಂಬಕ್ಕೆ ಊರ ಹಿರಿಯರು 60,000 ರೂಪಾಯಿ ದಂಡ ಹಾಕಿದರು. ಕಟ್ಟುವ ತನಕ ಊರಿಗೆ ಬರಕೂಡದೆಂದರು. ಇದೂ ನಮ್ಮವರ ಮೇಲೆ ನಾವೇ ಹಾಕುವ ದಂಡವೆಂದು ಆ ಹಿರಿಯರು ಹೇಳಿಯಾರು. ಆ ನಿಯಮವನ್ನು ಕಟ್ಟುವಾಗ ಆ ಹುಡುಗನ ತಾಯಿತಂದೆಯರನ್ನು ಯಾರಾದರೂ ಕೇಳಿದ್ದರೆ? ಅದೇ ಕೋಲನ್ನು ಗೌಡರ ಮಗ ಮುಟ್ಟಿದ್ದರೆ ಒಂದು ರೂಪಾಯಿಯಾದರೂ ದಂಡ ಬೀಳುತ್ತಿತ್ತೆ? ಹೊತ್ತಿಗೆ ಸರಿಯಾಗಿ ಬಾ ಎನ್ನುವ ಹತ್ತು ಸಾವಿರಕ್ಕೂ ಹತ್ತಿರ ಬರಬೇಡ ಎನ್ನುವ ಅರವತ್ತು ಸಾವಿರಕ್ಕೂ ಇರುವ ಅಂತರ ಇದು. ಮೊದಲನೆಯದು ಜೊತೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಹಾಕಿದ ದಂಡ, ಎರಡನೆಯದು ಹೊರಗೆ ಹಾಕುವುದಕ್ಕೆ.

ಇಷ್ಟು ಹೇಳಿದ್ದು ಏತಕ್ಕೆಂದರೆ, ನಾಳೆ ನಮ್ಮ ಮುಂದೆಯೂ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸೀಮೆಯ ಹುಡುಗರೂ ಹುಡುಗಿಯರೂ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಬೆಳಗಾಗುವ ಮುನ್ನ ಬಸ್ಸು ಹತ್ತುತ್ತಾರೆ. ಒಂದು ದಿನ ಮುಷ್ಕರವಾಗುತ್ತದೆ. ನೂರು ಜನ ಹೊರಗೆ ನಿಂತಿರುವಾಗ ನಾಲ್ವರು ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಾರೆ. ಆಗ ಕೂಗು ಏಳುತ್ತದೆ: ಅವರ ಕೈಕಾಲು ಮುರಿಯಿರಿ, ಅವರ ಮನೆಗೆ ಅಂಗಡಿಯವರು ಉಪ್ಪು ಕೊಡಕೂಡದು! ಅಂಗಡಿಯ ಬಂಧುಗಳೆ, ಅಂದು ನಿಮ್ಮ ಬಾಗಿಲಿಗೂ ಈ ಮಾತು ಬರುತ್ತದೆ. ನಮ್ಮ ಉತ್ತರವನ್ನು ಇಂದೇ ಹೇಳುತ್ತೇವೆ. ಹಿಂದಿನ ಗೇಟಿನಿಂದ ಹೋದವನದು ದೊಡ್ಡ ತಪ್ಪು. ನೂರು ಮನೆಯ ಗಂಜಿಗೆ ಅವನು ಮಣ್ಣು ಹಾಕಿದ್ದಾನೆ. ಅವನನ್ನು ಸಂಘದ ಮುಂದೆ ನಿಲ್ಲಿಸಿ ಕೇಳಲೇಬೇಕು. ಆದರೆ ಅವನ ಮಗುವಿನ ಹಾಲನ್ನು ನಿಲ್ಲಿಸುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಬಹಿಷ್ಕಾರ ಊರ ಗೌಡರ ಆಯುಧ. ಅದನ್ನು ನಾವು ಕೈಗೆತ್ತಿಕೊಂಡ ದಿನ ಗೌಡರ ಪಕ್ಕದಲ್ಲಿ ಕೂತಂತಾಯಿತು.

ಶಿಸ್ತಿಲ್ಲದ ಸಿಟ್ಟಿನ ಬೆಲೆಯನ್ನೂ ನಾವು ಕಂಡಿದ್ದೇವೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಬಾಕಿಗಾಗಿ ಸಿಟ್ಟೆದ್ದು ಗಾಜು, ಯಂತ್ರ, ವಾಹನಗಳು ಪುಡಿಯಾದವು. ಕೆಲವರಿಗೆ ಸಂಬಳ ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿ ಕೆಲಸಗಾರರ ಸಂಘವಿರಲಿಲ್ಲ. ನಿಲ್ಲು, ಕಲ್ಲು ಕೆಳಗಿಡು ಎಂದು ಜೊತೆಗಾರನ ಕೈ ಹಿಡಿಯುವ ಜೊತೆಗಾರನಿರಲಿಲ್ಲ. ಜೊತೆಗಾರನಿಲ್ಲದ ಕಡೆ ಪೊಲೀಸು ಬಂತು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೆ ಒಳಗಾದರು.

ಆದುದರಿಂದ ನಮ್ಮ ಸಲಹೆ ಇದು. ಸಂಘವಾಗಲಿ, ವರ್ತಕರ ಕೂಟವಾಗಲಿ, ಜಗಳವಿಲ್ಲದ ದಿನವೇ ಕೂತು ನಿಯಮ ಬರೆಯಿರಿ. ಯಾರು ಅದಕ್ಕೆ ಒಳಗಾಗುತ್ತಾರೋ ಅವರೆಲ್ಲರೂ, ಹೊಸದಾಗಿ ಸೇರಿದ ಗುತ್ತಿಗೆ ಹುಡುಗಿಯೂ ಸೇರಿ, ಕೈ ಎತ್ತಲಿ. ಅಧ್ಯಕ್ಷರಿಗೂ ಅದೇ ದಂಡ, ಕಸ ಗುಡಿಸುವವರಿಗೂ ಅದೇ ದಂಡವಿರಲಿ. ದಂಡ ಹಾಕುವ ಮುನ್ನ ಅವನ ಮಾತನ್ನು ಕೇಳಿರಿ. ದಂಡ ಅವನ ಜೇಬಿಗೆ ತಾಗಲಿ, ಅವನ ಒಲೆಗೆ ತಾಗದಿರಲಿ. ಕಟ್ಟಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯಲಿ. ಮಾರನೆಯ ದಿನ ಅವನಿಗೂ ನಿಮ್ಮ ಬೆಂಚಿನಲ್ಲಿ ಜಾಗವಿರಲಿ, ಚಹಾದ ಲೋಟವಿರಲಿ. ವ್ಯಾಪಾರಿಗಳಿಗೂ ಇದೇ ಮಾತು. ಟೊಮೇಟೊ ಬಾಕ್ಸಿನ ಮೇಲೆ ಒಳ್ಳೆಯ ಹಣ್ಣು, ತಳದಲ್ಲಿ ಕೊಳೆತದ್ದು ಇಟ್ಟು ಕಳುಹಿಸುವ ಒಬ್ಬನಿಂದ ಬೀದಿಗೆಲ್ಲ ಕೆಟ್ಟ ಹೆಸರು. ಅವನನ್ನು ಇನ್‌ಸ್ಪೆಕ್ಟರು ಹಿಡಿಯುವುದಕ್ಕೆ ಮೊದಲು ಪಕ್ಕದ ಅಂಗಡಿಯವನು ಹಿಡಿಯಲಿ.

ಧಣಿಯ ಶಿಸ್ತಿನಿಂದ ಬಿಡಿಸಿಕೊಳ್ಳಬೇಕೆನ್ನುವವನು ಮೊದಲು ತನ್ನ ಶಿಸ್ತನ್ನು ತಾನೇ ಬರೆದುಕೊಳ್ಳಬೇಕು. ಬೇರೆಯವರು ಬರೆದ ನಿಯಮದ ಕೆಳಗೆ ದುಡಿದದ್ದು ಸಾಕು. ಮುಂದಿನ ಭಾನುವಾರ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ಕೂರಿರಿ. ಮೊದಲ ಸಾಲಾಗಿ ಸಭೆಗೆ ಬರುವ ಹೊತ್ತನ್ನು ಬರೆಯಿರಿ. ಆ ಹೊತ್ತಿಗೆ ನಾವೂ ಬಂದಿರುತ್ತೇವೆ. ತಡವಾದರೆ ನಿಮ್ಮ ಜುಲ್ಮಾನೆಯನ್ನು ಕಟ್ಟುತ್ತೇವೆ.